ಹಳೇ ಕಾರು ಇದ್ಯಾ? ಮೊದಲು ರೇಡಿಯೇಟರ್‌ಗೆ ಬೋರ್ ನೀರು ಹಾಕೋದು ನಿಲ್ಲಿಸಿ

ಟೇಕಲ್: ನಮ್ಮ ಮನೇಲಿ ಇರೋದು 2009ರ ಮಾರುತಿ 800. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಹೋದ ಬೇಸಿಗೇಲಿ ಅಜ್ಜಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ಕೋಲಾರದ ಆಸ್ಪತ್ರೆಗೆ ಹೊರಟಿದ್ವಿ. ಅರ್ಧ ದಾರೀಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರ್ತು. 'ಇನ್ನೇನು ಬಂದೇ ಬಿಡ್ತು' ಅಂತ ಅಪ್ಪ ನಿಲ್ಲಿಸದೆ ಓಡಿಸಿದರು. ಎರಡು ಕಿಲೋಮೀಟರ್ ಆಗೋ ಹೊತ್ತಿಗೆ ಬಾನೆಟ್ ಸಂದಿಯಿಂದ ಹಬೆ ಬಂತು, ಗಾಡಿ ನಿಂತೇ ಹೋಯ್ತು. ದಾರೀಲಿ ಸಿಕ್ಕ ಆಟೋದಲ್ಲಿ ಅಜ್ಜಿನ ಕೂರಿಸಿ ಕಳಿಸಿದ್ವಿ.

ದೇವರ ದಯೆ, ಅಜ್ಜಿ ಹುಷಾರಾದರು. ಕಾರಿಗೆ ಮಾತ್ರ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಬಿಚ್ಚಿ, ಲೇತ್‌ಗೆ ಕೊಟ್ಟು ಸಮ ಮಾಡಿಸಿ, ಮತ್ತೆ ಕೂರಿಸೋಕೆ ಒಟ್ಟು 11,400 ರೂಪಾಯಿ ಆಯ್ತು. ಮೆಕ್ಯಾನಿಕ್ ಅಣ್ಣ ರೇಡಿಯೇಟರ್ ಬಿಚ್ಚಿ ತೋರಿಸಿದರು. ನೀರು ಕಾಯಿಸೋ ಹಂಡೆಯ ಒಳಗೆ ಕಟ್ಟುತ್ತಲ್ಲ, ಅಂಥದ್ದೇ ಬಿಳೀ ಗಾರೆ. 'ಇದಕ್ಕೆ ಯಾವ ನೀರು ಹಾಕ್ತಿದ್ರಿ?' ಅಂದರು. ಬೋರ್ ನೀರು ಅಂದ್ವಿ. ಅವರು ನಕ್ಕರು, ಅಷ್ಟೇ.

ಕೂಲೆಂಟ್ ಹಾಕಿಸಿದ್ದರೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗೀತಿತ್ತು. ಹಳೇ ಕಾರಿನ ಲೆಕ್ಕ ಇಷ್ಟೇ. ಸಣ್ಣ ಖರ್ಚನ್ನು ಮುಂದೂಡಿದರೆ ಅದು ದೊಡ್ಡ ಖರ್ಚಾಗಿ ವಾಪಸ್ ಬರುತ್ತೆ, ಅದೂ ನಮಗೆ ಗಾಡಿ ಬೇಕೇಬೇಕಾದ ದಿನಾನೇ ಬರುತ್ತೆ.

ಟೇಕಲ್ ಹೋಬಳಿಯ ಯಾವ ಊರಿಗೆ ಹೋದರೂ ಮಾರುತಿ 800, ಓಮ್ನಿ, ಹಳೇ ಆಲ್ಟೋ, ಇಂಡಿಕಾ ಕಾಣಿಸುತ್ತವೆ. ಮಾರುತಿ 800 ಶುರುವಾಗಿದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಓಮ್ನಿ 2019ರಲ್ಲಿ ನಿಂತಿತು. ಆದರೂ ಟೊಮೆಟೊ ಕ್ರೇಟ್ ಸಾಗಿಸೋಕೆ, ಮದುವೆಗೆ, ಆಸ್ಪತ್ರೆಗೆ ಇವೇ ಬೇಕು. ಹೊಸ ಕಾರಿನ ಕಂತು ಕಟ್ಟೋ ಶಕ್ತಿ ಎಲ್ಲರಿಗೂ ಇಲ್ಲ. ಇರೋದನ್ನೇ ಕಡಿಮೆ ಖರ್ಚಲ್ಲಿ, ಭಯವಿಲ್ಲದೆ ಓಡಿಸೋದು ಹೇಗೆ ಅನ್ನೋದೇ ಈ ಬರಹ.

15 ವರ್ಷ ಆದ್ರೆ ಗುಜರಿಗೇ ಹಾಕಬೇಕಾ?

ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಓಡಾಡೋ ಮಾತು ದೆಹಲಿ ಕಡೆಯದು. ಅಲ್ಲಿ ಕೋರ್ಟ್ ಆದೇಶಗಳ ಮೇಲೆ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂತು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತೆ. ಆಮೇಲೆ ಆರ್‌ಟಿಓ ಹತ್ತಿರ ಗಾಡಿ ತೋರಿಸಿ, ಅದು ಪಾಸಾದರೆ ಇನ್ನೂ 5 ವರ್ಷಕ್ಕೆ ನವೀಕರಣ ಆಗುತ್ತೆ. ಅರ್ಜಿ ನಮೂನೆ 25. ಅವಧಿ ಮುಗಿಯೋ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು.

ಶುಲ್ಕ ಮಾತ್ರ ಏರಿದೆ. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣಕ್ಕೆ 5,000 ರೂಪಾಯಿ ಆಯ್ತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 10,000 ಮಾಡಿತು. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಇದರ ಜೊತೆ ರಾಜ್ಯದ ಹಸಿರು ತೆರಿಗೆ ಬೇರೆ. ಅದಕ್ಕೇ ಆರ್‌ಸಿಯಲ್ಲಿರೋ ದಿನಾಂಕ ಇವತ್ತೇ ನೋಡಿ, ಆ ದುಡ್ಡನ್ನು ತಿಂಗಳು ತಿಂಗಳು ಸ್ವಲ್ಪ ಎತ್ತಿಡಿ.

ಇನ್ಶೂರೆನ್ಸ್ ಇಲ್ಲದೆ ರೋಡಿಗೆ ಇಳೀಬೇಡಿ. 1000 ಸಿಸಿ ಒಳಗಿನ ಕಾರಿಗೆ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಿಂದ 2,094 ರೂಪಾಯಿ ಅಂತ ನಿಗದಿಯಾಯ್ತು, ತೆರಿಗೆ ಬೇರೆ. ನಲವತ್ತು ಐವತ್ತು ಸಾವಿರ ಬೆಲೆಯ ಕಾರಿಗೆ ಫುಲ್ ಇನ್ಶೂರೆನ್ಸ್ ಬೇಕಾ ಅನ್ನೋದು ನಿಮ್ಮ ಲೆಕ್ಕ. ಥರ್ಡ್ ಪಾರ್ಟಿ ಮಾತ್ರ ಕಾನೂನು ಪ್ರಕಾರ ಕಡ್ಡಾಯ.

ದುಡ್ಡು ಯಾವುದಕ್ಕೆ ಮೊದಲು?

ಕೈಯಲ್ಲಿ ಐದು ಸಾವಿರ ಇದೆ, ಕಾರಲ್ಲಿ ಹತ್ತು ತೊಂದರೆ ಇದೆ ಅಂದ್ಕೊಳ್ಳಿ. ಈ ಕ್ರಮದಲ್ಲಿ ಹೋಗಿ:

1. ಗಾಡಿ ನಿಲ್ಲಿಸೋದು, ತಿರುಗಿಸೋದು: ಬ್ರೇಕ್, ಟೈರ್, ಸ್ಟೀರಿಂಗ್, ಲೈಟು.
2. ಇಂಜಿನ್ ಉಳಿಸೋದು: ಆಯಿಲ್, ಕೂಲೆಂಟ್, ಟೈಮಿಂಗ್ ಬೆಲ್ಟ್, ಏರ್ ಫಿಲ್ಟರ್.
3. ದಾರೀಲಿ ಕೈಕೊಡೋದು: ಬ್ಯಾಟರಿ, ಫ್ಯಾನ್ ಬೆಲ್ಟ್, ಹೋಸ್ ಪೈಪು, ಕ್ಲಚ್ ಕೇಬಲ್.
4. ಕಡೆಗೆ ಅಂದಚಂದ: ಪೇಂಟು, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್.

ನಮ್ಮ ಹುಡುಗರು ಸಾಮಾನ್ಯವಾಗಿ ನಾಲ್ಕರಿಂದ ಶುರು ಮಾಡ್ತಾರೆ. ನಾನೂ ಮಾಡಿದ್ದೆ. ಗ್ಯಾಸ್ಕೆಟ್ ಸುಟ್ಟ ದಿನ ನಮ್ಮ ಕಾರಲ್ಲಿ ಹೊಸ ಸ್ಪೀಕರ್ ಇತ್ತು.

ನೀರಿನ ವಿಷಯ

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ಗಳಿಂದ ಬರೋ ನೀರು ಗಡಸು. ಅದರಲ್ಲಿರೋ ಸುಣ್ಣದಂಶ ಬಿಸಿಯಾದಾಗ ಪದರ ಕಟ್ಟುತ್ತೆ. ರೇಡಿಯೇಟರ್ ಒಳಗಿನ ಕೊಳವೆಗಳು ಸಣ್ಣವು, ಬೇಗ ಮುಚ್ಚಿಕೊಳ್ಳುತ್ತವೆ. ಕೂಲೆಂಟ್‌ನಲ್ಲಿ ತುಕ್ಕು ತಡೆಯೋ ಅಂಶ ಇರುತ್ತೆ, ಅದು ಕುದಿಯೋ ಮಟ್ಟವೂ ನೀರಿಗಿಂತ ಜಾಸ್ತಿ. ರೆಡಿ ಮಿಕ್ಸ್ ಆದರೆ ನೇರವಾಗಿ ಹಾಕಿ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಕ್ಯಾಪ್‌ನ ರಬ್ಬರ್ ಹೋಗಿದ್ದರೆ ಕ್ಯಾಪ್ ಬದಲಾಯಿಸಿ. ಅದು ಒಳಗೆ ಒತ್ತಡ ಹಿಡಿದಿಟ್ಟರೇನೇ ನೀರು ನೂರು ಡಿಗ್ರಿ ದಾಟಿದರೂ ಕುದಿಯಲ್ಲ. 'ಬಿಸಿ ಆಗ್ತಿದೆಯಾ, ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ' ಅಂತ ಕೆಲವರು ಹೇಳ್ತಾರೆ, ಒಪ್ಪಬೇಡಿ. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಇಂಜಿನ್ ಬೇಗ ಸವೆಯುತ್ತೆ.

ಮುಳ್ಳು ಮೇಲೇರಿದರೆ ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಅರ್ಧ ಗಂಟೆಯಾದರೂ ಕಾಯಿರಿ. ಬಿಸಿ ಇರುವಾಗ ಕ್ಯಾಪ್ ತೆಗೆದರೆ ಮುಖಕ್ಕೇ ಹಾರುತ್ತೆ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ನಮ್ಮಪ್ಪ ಓಡಿಸಿದ ಆ ಎರಡು ಕಿಲೋಮೀಟರ್ ಅನ್ನು ನೀವು ಓಡಿಸಬೇಡಿ.

ಧೂಳು, ಆಯಿಲ್, ಪೆಟ್ರೋಲ್

ಟೇಕಲ್ ಸುತ್ತ ಕಲ್ಲು ಕ್ವಾರಿ, ಕ್ರಷರ್. ಮಾಲೂರು ಕಡೆ ಇಟ್ಟಿಗೆ ಗೂಡು. ಈ ಧೂಳಲ್ಲಿ ಏರ್ ಫಿಲ್ಟರ್ ಕಂಪನಿ ಹೇಳಿದಷ್ಟು ದಿನ ಬಾಳಲ್ಲ. ತಿಂಗಳಿಗೊಮ್ಮೆ ತೆಗೆದು ನೋಡಿ. ಗಾಳಿ ಹೊಡೆಸುವಾಗ ಒಳಗಿನಿಂದ ಹೊರಕ್ಕೆ ಹೊಡೆಸಿ, ಉಲ್ಟಾ ಹೊಡೆದರೆ ಧೂಳು ಒಳಗೇ ಕೂರುತ್ತೆ.

ಮಾರುತಿ 800ಗೆ ಬೇಕಾಗೋ ಆಯಿಲ್ ಮೂರು ಲೀಟರ್ ಒಳಗೆ. ಗಾಡಿ ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಓಡಿಸದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಈಗ ಬಂಕ್‌ಗಳಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಕಡಿಮೆ ಆಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೇ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ತಡ ಮಾಡಬೇಡಿ.

ಬ್ರೇಕ್, ಟೈರ್, ಬ್ಯಾಟರಿ

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಪೆಡಲ್ ಮೆತ್ತಗೆ ಒಳಗೆ ಹೋಗ್ತಿದ್ದರೆ ಅವತ್ತೇ ತೋರಿಸಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಸೆಕೆಂಡ್ ಹ್ಯಾಂಡ್ ಟೈರ್ ತಗೊಳ್ಳುವಾಗ ಹೊಳಪು ನೋಡಬೇಡಿ, ಆ ಅಂಕಿ ನೋಡಿ. ಪಟ್ಟೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದ ಟೈರ್ ಮಳೇಲಿ ಜಾರುತ್ತೆ.

ಬ್ಯಾಟರಿಗೆ ಬೋರ್ ನೀರೂ ಬೇಡ, ಫಿಲ್ಟರ್ ನೀರೂ ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ. ಹೊಸ ಬ್ಯಾಟರಿ ತಗೊಳ್ಳೋ ಮುಂಚೆ ಮೀಟರ್ ಇಟ್ಟು ನೋಡಿಸಿ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. ಇಂಜಿನ್ ಓಡುವಾಗ 13.8ರಿಂದ 14.4ರ ಹತ್ತಿರ ತೋರಿಸಬೇಕು. ಅಷ್ಟು ಬರ್ತಿಲ್ಲ ಅಂದರೆ ತೊಂದರೆ ಆಲ್ಟರ್ನೇಟರ್‌ನದೋ ಬೆಲ್ಟ್‌ನದೋ ಇರಬಹುದು, ಬ್ಯಾಟರಿ ಬದಲಾಯಿಸಿ ಲಾಭ ಇಲ್ಲ.

ಗ್ಯಾರೇಜಲ್ಲಿ ಕೇಳಬೇಕಾದ್ದು

ಬಿಚ್ಚೋ ಮುಂಚೆ ಅಂದಾಜು ಖರ್ಚು ಬರೆಸಿಕೊಳ್ಳಿ. ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೇಳಿ. ಪಾರ್ಟ್ ನಂಬರ್ ಇರೋ ಪ್ಯಾಕೆಟ್ ನೋಡಿ. ಇಲ್ಲಿ ಸಿಗದ ಸಾಮಾನಿಗೆ ಟೇಕಲ್‌ನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಹಳೇ ಪಾರ್ಟ್ ಕೈಯಲ್ಲಿ ಹಿಡ್ಕೊಂಡು ಹೋಗಿ. ಬಾಗಿಲು, ಕನ್ನಡಿ, ಸೀಟು ಗುಜರಿಯಿಂದ ತಂದರೆ ಪರವಾಗಿಲ್ಲ. ಬ್ರೇಕ್, ಸ್ಟೀರಿಂಗ್ ಸಾಮಾನು ಮಾತ್ರ ಹೊಸದೇ ಆಗಲಿ.

ಹಾಗೆಯೇ ಮೆಕ್ಯಾನಿಕ್‌ಗೆ ಕೂಲಿ ಕೊಡೋದರಲ್ಲಿ ಚೌಕಾಸಿ ಮಾಡಿ ಮಾಡಿ ಕೊಲ್ಲಬೇಡಿ. ನಂಬಿಕೆಯ ಒಬ್ಬ ಮೆಕ್ಯಾನಿಕ್ ಇದ್ದರೆ ಹಳೇ ಕಾರಿನ ಅರ್ಧ ಚಿಂತೆ ಕಡಿಮೆ.

ಯಾವಾಗ ಸಾಕು ಅನ್ನಬೇಕು?

ಒಂದು ನೋಟ್‌ಬುಕ್ ಇಡಿ. ತಾರೀಖು, ಕಿಲೋಮೀಟರ್, ಏನು ಮಾಡಿಸಿದ್ರಿ, ಎಷ್ಟಾಯ್ತು. ವರ್ಷದ ಕೊನೆಗೆ ಕೂಡಿ, ಹನ್ನೆರಡರಿಂದ ಭಾಗಿಸಿ. ಬಂದ ಮೊತ್ತ ಇನ್ನೊಂದು ಗಾಡಿಯ ಕಂತಿಗಿಂತ ತುಂಬಾ ಕಡಿಮೆ ಇದ್ದರೆ ಇಟ್ಟುಕೊಳ್ಳಿ. ಒಂದೇ ರಿಪೇರಿಗೆ ಕಾರಿನ ಬೆಲೆಯ ಅರ್ಧ ಕೇಳಿದರೆ ಕೂತು ಯೋಚಿಸಿ. ಚಾಸಿಗೇ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಮಮತೆ ಬೇಡ. ಗುಜರಿಗೆ ಕೊಡುವಾಗ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಂಡು ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ನಾಳೆ ಆ ನಂಬರಲ್ಲಿ ಏನಾದರೂ ಆದರೆ ನಿಮ್ಮ ಮನೆ ಬಾಗಿಲಿಗೇ ಬರುತ್ತೆ.

ಮೊನ್ನೆ ಅಜ್ಜಿನ ಚೆಕಪ್‌ಗೆ ಅದೇ ಕಾರಲ್ಲಿ ಕರ್ಕೊಂಡು ಹೋದ್ವಿ. ಹೊರಡೋ ಮುಂಚೆ ಅಪ್ಪ ತಾವಾಗೇ ಬಾನೆಟ್ ಎತ್ತಿ ಕೂಲೆಂಟ್ ಮಟ್ಟ ನೋಡಿದರು. ಮುಳ್ಳು ಕೋಲಾರದವರೆಗೂ ನಡುವಿನಲ್ಲೇ ಇತ್ತು.