ರಬ್ಬರ್ ಮೀನು ಹಾಕಿದ್ರೂ ಗಾಳಕ್ಕೆ ಬೀಳ್ತಿಲ್ವಾ? ಪೋಣಿಸೋ ರೀತಿ ಒಮ್ಮೆ ನೋಡಿ

ಶ್ರೀರಂಗಪಟ್ಟಣ: ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ಎರೆಹುಳು, ರಾಗಿಮುದ್ದೆ ಉಂಡೆ ಹಾಕಿ ಗಾಳ ಬಿಡೋರು ಇವತ್ತಿಗೂ ಇದ್ದಾರೆ. ಅವರ ಪಕ್ಕದಲ್ಲೇ ಈಗ ಆನ್‌ಲೈನ್‌ನಲ್ಲಿ ತರಿಸಿದ ಬಣ್ಣಬಣ್ಣದ ರಬ್ಬರ್ ಮೀನು ಹಿಡಿದು ನಿಲ್ಲೋ ಹುಡುಗರೂ ಕಾಣ್ತಾರೆ. ಹುಳ ಹಾಕಿದವರ ಚೀಲಕ್ಕೆ ಮೀನು ಬೀಳುತ್ತೆ, ರಬ್ಬರ್‌ನವರು ಬರಿಗೈಲಿ ವಾಪಸ್. ಯೂಟ್ಯೂಬ್ ನೋಡಿ ಕಲಿತದ್ದು ಇಲ್ಲಿ ಕೆಲಸ ಮಾಡದಿರೋದಕ್ಕೆ ಕಾರಣ ಇದೆ.

ನಾವು ರಬ್ಬರ್ ಅಂತ ಕರೆದರೂ ಇದರಲ್ಲಿ ಹೆಚ್ಚಿನವು ಮೆತ್ತಗೆ ಮಾಡಿದ ಪಿವಿಸಿ ಪ್ಲಾಸ್ಟಿಕ್. 1949ರಲ್ಲಿ ಅಮೆರಿಕದ ಒಹಾಯೋದಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿ ಜೊತೆ ಸೇರಿ ಮನೆಯ ಅಡುಗೆಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ ಎರೆಹುಳುವಿನ ಅಚ್ಚಿಗೆ ಹುಯ್ದದ್ದು ಇದರ ಶುರು. ಇದಕ್ಕೆ ವಾಸನೆ, ರುಚಿ ಅಷ್ಟಕ್ಕಷ್ಟೇ. ಮೀನು ಮೋಸ ಹೋಗೋದು ಅಲುಗಾಟಕ್ಕೆ. ಹಾಗಾಗಿ ಬೇರೆ ಮೀನನ್ನು ಅಟ್ಟಿಸಿಕೊಂಡು ಹೋಗಿ ತಿನ್ನೋ ಜಾತಿಗಳು ಮಾತ್ರ ಇದಕ್ಕೆ ಬೀಳುತ್ತವೆ: ಕೊರಮೀನು ಅಂದರೆ ಮುರ್ರೆಲ್, ಬಾಳೆಮೀನು, ಮಹಶೀರ್. ಕಾಟ್ಲಾ, ರೋಹುಗೆ ರಬ್ಬರ್ ತೋರಿಸಿ ದಿನ ಕಳೆದರೆ ಪ್ರಯೋಜನ ಇಲ್ಲ, ಅವಕ್ಕೆ ಮುದ್ದೆ, ಹಿಂಡಿಯೇ ಸರಿ.

ಜೊಂಡಿಗೆ ಒಂದು, ಎಳೆಯೋಕೆ ಇನ್ನೊಂದು

ಹೆಚ್ಚಿನವರು ಎಡವೋದು ಇಲ್ಲೇ. ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಕೆರೆಗಳಲ್ಲಿ ಜೊಂಡು, ತಾವರೆ, ಅಂತರಗಂಗೆ ಜಾಸ್ತಿ. ಕೊರಮೀನು ಇರೋದೂ ಅದರ ಬುಡದಲ್ಲೇ. ಅಲ್ಲಿ ಗಾಳದ ಮೊನೆ ಹೊರಗಿದ್ದರೆ ಮೊದಲ ಎಳೆತಕ್ಕೇ ಸೊಪ್ಪು ಸಿಕ್ಕಿಕೊಳ್ಳುತ್ತೆ. ಅದಕ್ಕೆ ‘ಟೆಕ್ಸಾಸ್ ರಿಗ್’ ಬೇಕು. ಕುತ್ತಿಗೆ ಬಾಗಿದ ಆಫ್‌ಸೆಟ್ ಗಾಳ ತಗೊಳ್ಳಿ, ನಾಲ್ಕು ಇಂಚಿನ ರಬ್ಬರ್‌ಗೆ 3/0 ಅಳತೆ ಸಾಕಾಗುತ್ತೆ. ಮೊನೆಯನ್ನು ಮೂತಿಯಿಂದ ಅರ್ಧ ಸೆಂಟಿಮೀಟರ್ ಒಳಗೆ ಚುಚ್ಚಿ ಕೆಳಗೆ ತೆಗೆಯಿರಿ. ಗಾಳದ ಕುತ್ತಿಗೆವರೆಗೂ ಎಳೆದು, ಪೂರ್ತಿ ತಿರುಗಿಸಿ. ಈಗ ಗಾಳವನ್ನು ಮೈ ಪಕ್ಕಕ್ಕೆ ಹಿಡಿದು ಅದರ ಬಾಗು ಎಲ್ಲಿಗೆ ಬರುತ್ತೆ ನೋಡಿ, ಅಲ್ಲೇ ಮತ್ತೆ ಚುಚ್ಚಿ. ಮೊನೆ ಬೆನ್ನಿನ ಚರ್ಮದೊಳಗೆ ಅವಿತಿರಬೇಕು. ಮೈ ನೆಟ್ಟಗಿಲ್ಲದೆ ಸ್ವಲ್ಪ ಗುಬ್ಬಿಕೊಂಡಿದ್ದರೂ ನೀರಿನಲ್ಲಿ ಗಿರಗಿರ ತಿರುಗಿ ದಾರವೆಲ್ಲ ಗಂಟಾಗುತ್ತೆ. ಬಿಚ್ಚಿ ಮತ್ತೆ ಪೋಣಿಸೋದೇ ವಾಸಿ.

ಇದೇ ರಿಗ್ಗನ್ನು ತೆಪ್ಪದ ಹಿಂದೆ ಎಳೆದರೆ ಮೀನು ಕಚ್ಚುತ್ತೆ, ಬಿಡುತ್ತೆ. ಮೊನೆ ಪ್ಲಾಸ್ಟಿಕ್ ಸೀಳಿ ಹೊರಬಂದು ಬಾಯಿಗೆ ನಾಟಬೇಕಾದರೆ ಕಡ್ಡಿಯನ್ನು ಜೋರಾಗಿ ಜಗ್ಗಬೇಕು. ಎಳೆಯುವಾಗ ಅಷ್ಟು ಹೊತ್ತಿಗೆ ಕೈ ಹೋಗಲ್ಲ.

ಎಳೆಯೋದಕ್ಕೇ ಟ್ರೋಲಿಂಗ್ ಅನ್ನೋದು, ಫೇಸ್‌ಬುಕ್‌ನಲ್ಲಿ ಮಾಡೋದಲ್ಲ. ಇದಕ್ಕೆ ಜಿಗ್ ಹೆಡ್, ಅಂದರೆ ತಲೆಯಲ್ಲೇ ತೂಕದ ಗುಂಡು ಇರೋ ಗಾಳ, ಒಳ್ಳೇದು. 7ರಿಂದ 14 ಗ್ರಾಂ ತೂಕದ್ದು ಸಾಕು. ಬಾಲ ಅಗಲವಾಗಿ ಒದೆಯೋ ರಬ್ಬರ್ ಪೋಣಿಸಿ, ಮೊನೆ ಬೆನ್ನ ಮೇಲೆ ಬಯಲಾಗೇ ಇರಲಿ. ಬಿಡೋ ಮೊದಲು ತೆಪ್ಪದ ಪಕ್ಕದಲ್ಲೇ ಒಂದು ಮಾರು ಎಳೆದು ನೋಡಿ: ಬಾಲ ಒದೀತಿದೆಯಾ, ಮೈ ತಿರುಗ್ತಿದೆಯಾ? ಸರಿಯಿದ್ದರೆ 20-30 ಮೀಟರ್ ದಾರ ಬಿಡಿ. ವೇಗ ನಿಧಾನ ನಡಿಗೆಯಷ್ಟು, ಗಂಟೆಗೆ 2-3 ಕಿ.ಮೀ. ನಿಧಾನವಾದಷ್ಟೂ, ದಾರ ಉದ್ದವಾದಷ್ಟೂ ರಬ್ಬರ್ ಆಳಕ್ಕೆ ಇಳಿಯುತ್ತೆ. ಮಧ್ಯೆ ಒಂದು ಸ್ವಿವೆಲ್ ಹಾಕಿದರೆ ದಾರ ಹುರಿಗೊಳ್ಳೋದು ತಪ್ಪುತ್ತೆ. ರೀಲಿನ ಡ್ರ್ಯಾಗ್ ಬಿಗಿ ಮಾಡಬೇಡಿ, ದೊಡ್ಡ ಬಾಳೆಮೀನು ಹೊಡೆದರೆ ಕಡ್ಡಿಯೇ ನೀರಿಗೆ ಹೋಗುತ್ತೆ.

ನಮ್ಮ ತೆಪ್ಪ ದುಂಡಗಿರೋದರಿಂದ ಅದೂ ತಿರುಗುತ್ತೆ, ದಾರವೂ ಸುತ್ತುತ್ತೆ. ಹುಟ್ಟು ಹಾಕೋನು ಒಬ್ಬ, ಕಡ್ಡಿ ಹಿಡಿಯೋನು ಒಬ್ಬ, ಇಬ್ಬರಿಗೆ ಒಂದೇ ಕಡ್ಡಿ ಸಾಕು. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಈಜು ಬರುತ್ತೆ ಅನ್ನೋರಿಗೂ ಈ ಮಾತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳು ಹಿನ್ನೀರಿನ ತಳದಲ್ಲಿವೆ. ಮಟ್ಟ 124.80 ಅಡಿಯಿಂದ ಇಳೀತಾ ಬಂದ ಹಾಗೆ ಗಾಳ ಕಲ್ಲು, ಬೊಡ್ಡೆಗೆ ಸಿಕ್ಕೋದು ಹೆಚ್ಚು. ತೊಣ್ಣೂರು ಕೆರೆಯಂಥ ತಿಳಿನೀರಿಗೆ ತೆಳು ದಾರ, ಮೀನಿನ ಸಹಜ ಬಣ್ಣ. ಮಳೆಗಾಲದ ಹೇಮಾವತಿಯ ಕೆನ್ನೀರಿಗೆ ಕಪ್ಪು ಇಲ್ಲಾ ಗಾಢ ಬಣ್ಣ.

ಎಲ್ಲೆಲ್ಲಿ ಹಾಕಬಾರದು

1940ರಲ್ಲಿ ಪಕ್ಷಿಧಾಮ ಅಂತ ಘೋಷಣೆಯಾದ ರಂಗನತಿಟ್ಟಿನಲ್ಲಿ ಗಾಳ ಹಾಕುವಂತಿಲ್ಲ. ಹಾಕಿದರೆ ವನ್ಯಜೀವಿ ಕಾಯ್ದೆಯಡಿ ಕೇಸ್ ಬೀಳುತ್ತೆ. ಅಲ್ಲಿ ಮೊಸಳೆಗಳಿವೆ, ಅವು ಪಕ್ಷಿಧಾಮದ ಗಡಿ ನೋಡಿ ಓಡಾಡಲ್ಲ. ಶ್ರೀರಂಗಪಟ್ಟಣ ಸುತ್ತ ಕಾವೇರಿಯಲ್ಲಿ ಮೊಣಕಾಲುದ್ದ ನೀರಿಗಿಳಿದು ಗಾಳ ಎಸೆಯೋರು ಇದನ್ನು ನೆನಪಿಟ್ಟುಕೊಳ್ಳಿ.

ಕೆರೆಗಳ ಮೀನು ಹಕ್ಕು ಗುತ್ತಿಗೆಗೆ ಹೋಗಿರುತ್ತೆ. ದುಡ್ಡು ಹಾಕಿ ಮರಿ ಬಿಟ್ಟವರನ್ನು ಕೇಳದೆ ಕಡ್ಡಿ ಬಿಚ್ಚಿದರೆ ಜಗಳ ಗ್ಯಾರಂಟಿ, ತಪ್ಪೂ ನಿಮ್ಮದೇ. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಕಿತ್ತಳೆ ರೆಕ್ಕೆಯ ಗುಬ್ಬುಬೆನ್ನಿನ ಮಹಶೀರ್ ಬಿದ್ದರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್‌ನ ಮಹಶೀರ್ ಹಿಡಿದಿದ್ದರು, ಸುಮಾರು 54 ಕೆ.ಜಿ. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಗುಬ್ಬುಬೆನ್ನಿನ ಜಾತಿ 2018ರಿಂದ ಅಳಿವಿನ ತೀರಾ ಅಂಚಿನ ಪಟ್ಟಿಯಲ್ಲಿದೆ. ಕೊರಮೀನು ಕೆಂಪು ಮರಿಗಳ ಗುಂಪಿನ ಜೊತೆ ಕಂಡರೆ ಅದು ಮರಿ ಕಾಯ್ತಿರೋ ತಾಯಿ-ತಂದೆ. ರಬ್ಬರ್ ಬಿದ್ದ ಕೂಡಲೇ ಹಸಿವಿಗಲ್ಲ, ಸಿಟ್ಟಿಗೆ ಹೊಡೆಯುತ್ತೆ. ಅದನ್ನು ಹಿಡಿದರೆ ಆ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ.

ಹರಿದ ರಬ್ಬರ್ ಕೆರೆಗೆ ಎಸೆಯಬೇಡಿ, ಅದು ಕರಗಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತೆ. ತುಂಡಾದ ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತೆ. ಎರಡನ್ನೂ ಜೇಬಿಗೆ ಹಾಕಿ. ಹೊಸ ರಬ್ಬರ್ ಬಂದ ಕವರಲ್ಲೇ ಇರಲಿ. ಬೇರೆ ಬೇರೆ ಜಾತಿಯವು ಒಂದೇ ಡಬ್ಬಿಗೆ ಹಾಕಿದರೆ ಕರಗಿ ಅಂಟಿಕೊಳ್ಳುತ್ತವೆ. ಬಿಸಿಲಲ್ಲಿ ನಿಂತ ಬೈಕ್ ಬಾಕ್ಸಲ್ಲಿ ಬಾಲ ಸೊಟ್ಟಗಾದರೆ ಒಂದು ನಿಮಿಷ ಬಿಸಿನೀರಲ್ಲಿ ಅದ್ದಿ, ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಿ, ಮೊದಲಿನಂತೆ ಆಗುತ್ತೆ.