ಪುಣೆಯ ಪಪನಸ, ನಮ್ಮ ಚಕ್ಕೋತ

ಡಿಸೆಂಬರಿನ ಪುಣೆಯಲ್ಲಿ ಹಣ್ಣಿನಂಗಡಿಯೆಂದರೆ ನಾಗಪುರದ ಸಂತ್ರ, ಮಹಾಬಲೇಶ್ವರದ ಸ್ಟ್ರಾಬೆರಿ. ಆ ಬಣ್ಣಗಳಿಗೆ ಸೋತ ಕಣ್ಣು ಮೂಲೆಯಲ್ಲಿರುವ ಹಸಿರು-ಹಳದಿ ಗುಂಡನ ಕಡೆ ಹೊರಳುವುದೇ ಇಲ್ಲ. ಮರಾಠಿಗರಿಗೆ ಅದು ಪಪನಸ, ನಮಗೆ ಚಕ್ಕೋತ. 1886ರಲ್ಲಿ ರೇ ಮಾರ್ಕೆಟ್ ಎಂದು ಶುರುವಾಗಿ ಈಗ ಮಹಾತ್ಮಾ ಫುಲೆ ಮಂಡಈ ಎನಿಸಿಕೊಂಡಿರುವ ಕಲ್ಲಿನ ಕಟ್ಟಡದ ಸುತ್ತ ಗಣೇಶನ ಹಬ್ಬದ ಹೊತ್ತಿಗೇ ಇದು ತಲೆ ಹಾಕುತ್ತದೆ. ಗೋವೆಯ ಮನೆಗಳಲ್ಲಿ ಗಣಪನ ಮೇಲೆ ಕಟ್ಟುವ ಮಾಟೋಳಿಯಲ್ಲೂ ತೂಗುತ್ತದೆ. ಹಬ್ಬ ಮುಗಿದರೆ ಕೇಳುವವರು ಕಮ್ಮಿ.

ಕುಲಗೋತ್ರ ಕೇಳಿದರೆ ಮಾತ್ರ ಇದು ದೊಡ್ಡ ಮನೆತನದ್ದು. ಸಿಹಿ ಕಿತ್ತಳೆ ಹುಟ್ಟಿದ್ದು ಚಕ್ಕೋತ ಮತ್ತು ಮ್ಯಾಂಡರಿನ್‌ಗಳ ಬೆರಕೆಯಿಂದ. ಆ ಕಿತ್ತಳೆ ಮತ್ತೆ ಚಕ್ಕೋತದ ಜೊತೆ ಕೂಡಿ, 18ನೇ ಶತಮಾನದ ವೆಸ್ಟ್ ಇಂಡೀಸ್‌ನಲ್ಲಿ ಗ್ರೇಪ್‌ಫ್ರೂಟ್ ಆಯಿತು. ಸೂಪರ್ ಮಾರ್ಕೆಟ್ಟಿನಲ್ಲಿ ದುಬಾರಿ ಬೆಲೆ ಕೊಟ್ಟು ಮೊಮ್ಮಗನನ್ನು ಕೊಳ್ಳುವವರು ಅಜ್ಜನನ್ನು ಬಿಟ್ಟು ಬರುತ್ತಾರೆ!

ಕನ್ನಡಿಗರಿಗೆ ಚಕ್ಕೋತವೆಂದರೆ ದೇವನಹಳ್ಳಿ. ಕೆಂಪು ತೊಳೆಯ, ಕಹಿಯಿಲ್ಲದ ಈ ತಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಲಿನ ಜಮೀನಿಗೆ ಬಂಗಾರದ ಬೆಲೆ ಬಂತು, ಚಕ್ಕೋತದ ಮರಗಳು ಒಂದೊಂದಾಗಿ ಹೋದವು. ಪುಣೆಗೆ ಬರುವುದು ಆ ತಳಿಯಲ್ಲ. ಇಲ್ಲಿ ಬಿಳಿ ತೊಳೆಯದೂ ಸಿಗುತ್ತದೆ, ಕೆಂಪು ತೊಳೆಯದೂ ಸಿಗುತ್ತದೆ. ಒಂದು ಸಿಹಿಯಾದರೆ ಇನ್ನೊಂದು ಹುಳಿ. ಹೊರಗಿನ ಬಣ್ಣ ನೋಡಿ ಏನೂ ತಿಳಿಯದು. ಕೈಯಲ್ಲಿ ಎತ್ತಿ, ಗಾತ್ರಕ್ಕೆ ಮೀರಿ ಭಾರ ಇರುವುದನ್ನು ಆರಿಸಬೇಕು. ಸಿಪ್ಪೆ ದಪ್ಪವಾದ್ದರಿಂದ ವಾರ ಕಳೆದರೂ ಕೆಡುವುದಿಲ್ಲ.

ಜನ ಹಿಂಜರಿಯುವುದು ಬಿಡಿಸಲು. ಮೊದಲು ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ತೆಗೆಯಿರಿ. ಅಲ್ಲಿಂದ ಕೆಳಕ್ಕೆ, ತೊಳೆಗೆ ತಾಗದಂತೆ, ಐದಾರು ಗೀರು ಹಾಕಿ. ಹೆಬ್ಬೆರಳು ತೂರಿಸಿ ಎಳೆದರೆ ಬಿಳಿ ಬೆಂಡಿನ ಸಮೇತ ಸಿಪ್ಪೆ ಹೋಳುಹೋಳಾಗಿ ಕಿತ್ತು ಬರುತ್ತದೆ. ಸಿಪ್ಪೆಯ ಎಣ್ಣೆ ಚಿಮ್ಮಿ ಬೆರಳೆಲ್ಲ ಘಮಘಮ. ಒಳಗಿನ ಗುಂಡನ್ನು ಎರಡು ಹೋಳು ಮಾಡಿ ತೊಳೆ ಬಿಡಿಸಿ. ಕಿತ್ತಳೆಯಂತೆ ಪೊರೆ ಸಮೇತ ಬಾಯಿಗೆ ಹಾಕಿಕೊಂಡರೆ ಕೆಟ್ಟಿರಿ: ಕಹಿಯೆಲ್ಲ ಪೊರೆಯಲ್ಲಿದೆ. ತೊಳೆಯ ಒಳ ಅಂಚನ್ನು ಸೀಳಿ, ಪೊರೆಯನ್ನು ಎರಡೂ ಕಡೆಗೆ ಮಡಚಿದರೆ ಬೀಜ ಉದುರಿ, ರಸ ತುಂಬಿದ ಎಸಳುಗಳು ಒಡೆಯದೆ ಕೈಗೆ ಬರುತ್ತವೆ. ಒಬ್ಬರೇ ಕುಳಿತರೆ ಬೇಸರ. ಊಟವಾದ ಮೇಲೆ ನಾಲ್ಕು ಜನ ತಟ್ಟೆಯ ಸುತ್ತ ಕುಳಿತರೆ ಮಾತಿನ ಮಧ್ಯೆ ಹಣ್ಣು ಮುಗಿದಿರುತ್ತದೆ. ಮಿಕ್ಸಿಗೆ ಹಾಕಿ ಜ್ಯೂಸ್ ಮಾಡುವವರಿಗೆ ನನ್ನ ವಿರೋಧವಿದೆ. ಪೊರೆಯ ಚೂರು, ಬೀಜ ಅರೆದು ಕಹಿ ಬಿಡುತ್ತದೆ, ಎಸಳಿನ ಸುಖವೂ ಹೋಗುತ್ತದೆ.

ಹುಳಿ ಹಣ್ಣು ಬಂದರೆ ಉಪ್ಪು, ಖಾರದಪುಡಿ, ಚಿಟಿಕೆ ಬೆಲ್ಲ. ನೆನೆಸಿದ ಹೆಸರುಬೇಳೆ, ಹಸಿಮೆಣಸು, ಕೊತ್ತಂಬರಿ ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಕೋಸಂಬರಿ. ಪುಣೆಯಲ್ಲಿದ್ದು ಶೇಂಗಾ ಪುಡಿ ಉದುರಿಸದಿರುವುದುಂಟೇ? ಚೆನ್ನಾಗಿಯೇ ಹೊಂದುತ್ತದೆ. ಸಿಪ್ಪೆಯ ಬಿಳಿ ಬೆಂಡನ್ನು ಎರಡು ಸಲ ಕುದಿಸಿ, ನೀರು ಚೆಲ್ಲಿ ಹಿಂಡಿದರೆ ಕಹಿ ಇಳಿಯುತ್ತದೆ. ಹುಣಸೆ, ಬೆಲ್ಲ ಹಾಕಿ ಗೊಜ್ಜು ಮಾಡಬಹುದು.

ಒಂದು ಎಚ್ಚರಿಕೆ. ಗ್ರೇಪ್‌ಫ್ರೂಟ್ ರಸ ಕುಡಿದರೆ ರಕ್ತದೊತ್ತಡದ ಒಂದು ಔಷಧಿಯ ಮಟ್ಟ ರಕ್ತದಲ್ಲಿ ಏರುತ್ತದೆಂದು ಕೆನಡಾದ ಸಂಶೋಧಕರು 1989ರಲ್ಲಿ ಪ್ರಕಟಿಸಿದರು. ಅದಕ್ಕೆ ಕಾರಣವಾದ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ಬಿಪಿ, ಕೊಲೆಸ್ಟರಾಲ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ತಿನ್ನಲಿ.

ರುಚಿ ಹಿಡಿದು ಬೀಜ ಕಾಯ್ದಿಡುವವರೂ ಇದ್ದಾರೆ. ಚಕ್ಕೋತದ ಬೀಜದಿಂದ ಎದ್ದ ಗಿಡ ತಾಯಿಯ ಗುಣವನ್ನೇ ಕೊಡುತ್ತದೆಂಬ ಭರವಸೆಯಿಲ್ಲ, ಫಲಕ್ಕೂ ವರ್ಷಗಟ್ಟಲೆ ಕಾಯಬೇಕು. ಅಂಗಳ ಇದ್ದವರು ಸೊಲ್ಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆಯ ನರ್ಸರಿಗಳಲ್ಲಿ ಗೂಟಿ ಕಟ್ಟಿದ ಸಸಿ ವಿಚಾರಿಸಲಿ. ತರುವ ಮುಂಚೆ ತಾಯಿಮರದ ತೊಳೆ ಬಿಳಿಯೋ ಕೆಂಪೋ ಕೇಳಿಕೊಳ್ಳಿ.