ವಾಲ್ವಿನ ನಾದ

ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೋ ಉಳಿದಿದ್ದರೆ, ಗುಜರಿಗೆ ಹಾಕುವ ಮುನ್ನ ತ್ಯಾಗರಾಜನಗರದ ಗೃಹಸ್ಥರು ತುಸು ಯೋಚಿಸುವುದು ಲೇಸು. ಟ್ರಾನ್ಸಿಸ್ಟರ್ ಬಂದಮೇಲೆ ಮೂಲೆಗುಂಪಾದ ಆ ಗಾಜಿನ ಬುರುಡೆಗಳನ್ನು ಎಲೆಕ್ಟ್ರಿಕ್ ಗಿಟಾರ್ ವಾದಕರು ಇಂದಿಗೂ ಅರಸುತ್ತಾರೆ. ಸಣ್ಣ ಕಾರ್ಯಾಗಾರಗಳಲ್ಲಿ ಕೈಯಿಂದಲೇ ಬೆಸುಗೆ ಹಾಕಿ ಸಿದ್ಧಪಡಿಸಿದ ಹೊಸ ವಾಲ್ವ್ ಆಂಪ್ಲಿಫೈಯರುಗಳಿಗೆ ಹೆಚ್ಚಿನ ಬೆಲೆ ತೆರುತ್ತಾರೆ. ಇದು ಬರಿಯ ಹಳತಿನ ವ್ಯಾಮೋಹವೇ? ಅಲ್ಲ.

ವಾಲ್ವಿನ ಒಳಗೆ ಗಾಳಿಯಿಲ್ಲ. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನತ್ತ ಧಾವಿಸುತ್ತವೆ. ನಡುವಣ ಗ್ರಿಡ್ ಎಂಬ ಜಾಲರಿ, ಕೆರೆಯ ತೂಬಿನಂತೆ, ಆ ಹರಿವನ್ನು ಹೆಚ್ಚುಕಡಿಮೆ ಮಾಡುತ್ತದೆ. ಗ್ರಿಡ್ಡಿಗೆ ತಲುಪಿದ ಗಿಟಾರಿನ ಕ್ಷೀಣಸಂಕೇತ ಆನೋಡಿನಲ್ಲಿ ಪ್ರಬಲವಾಗಿ ಮೂಡುತ್ತದೆ. ಮಿತಿ ಮೀರಿ ದುಡಿಸಿದಾಗ ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಅಲೆಯ ತುದಿಯನ್ನು ಥಟ್ಟನೆ ಕತ್ತರಿಸುತ್ತದೆ; ವಾಲ್ವ್ ಅದನ್ನು ಮೆಲ್ಲಗೆ ದುಂಡಾಗಿಸುತ್ತದೆ. ಆಗ ಮೂಲಸ್ವರದೊಡನೆ ಉಪಸ್ವರಗಳೂ ಹುಟ್ಟಿ ನಾದ ತುಂಬಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ ದಾರದೆಳೆಯಿಟ್ಟು ಜೀವ ಹಿಡಿಸುವುದನ್ನು ಬಲ್ಲವರಿಗೆ ಈ ಹಂಬಲ ಹೊಸತಲ್ಲ.

ಈ ಕಥೆಯಲ್ಲಿ ನಮ್ಮೂರಿಗೂ ಪಾಲುಂಟು. 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಅಲ್ಲಿ ಇ.ಎಲ್. 84 ಎಂಬ ವಾಲ್ವೂ ತಯಾರಾಯಿತು. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎ.ಸಿ. 30 ಗಿಟಾರ್ ಆಂಪ್ಲಿಫೈಯರಿನಲ್ಲಿ ದುಡಿಯುವುದು ಇದೇ ಜಾತಿಯ ನಾಲ್ಕು ವಾಲ್ವುಗಳು. ಜಾಲಹಳ್ಳಿಯಲ್ಲಿ ಆ ತಯಾರಿಕೆ ನಿಂತುಹೋಗಿದೆ. ಆದ್ದರಿಂದ ಉಳಿದಿರುವ ವಾಲ್ವುಗಳಿಗೆ ಬೆಲೆಯುಂಟು.

ಒಂದು ಎಚ್ಚರಿಕೆ: ಇಂತಹ ಯಂತ್ರದ ಸ್ವಿಚ್ ಆರಿಸಿದ ಮೇಲೂ ಒಳಗೆ ನೂರಾರು ವೋಲ್ಟ್ ವಿದ್ಯುತ್ತು ಉಳಿದಿರಬಹುದು. ಪೆಟ್ಟಿಗೆಯನ್ನು ಬಲ್ಲವರಿಂದಲೇ ತೆರೆಸಿ.